ಬಾಡುವ ಹೊತ್ತು

ಕಟ್ಟಿನಕೆರೆ ಮಾರುಕಟ್ಟೆಗೆ ಇನ್ನೂ ಬೆಳಕು ಇಳಿದಿಲ್ಲ.
ಕಾರ್ತಿಕದ ಚಳಿ. ಬಲ್ಬಿನ ಕೆಳಗೆ ಸೇವಂತಿಗೆ ರಾಶಿ
ಈಗಷ್ಟೇ ಬಸಿದ ಅನ್ನದ ಹಾಗೆ ಹಬೆಯಾಡುತ್ತಿದೆ.
ಅವ್ವನ ಕೈಯಲ್ಲಿ ಕರೆಂಟು ಬಿಲ್ಲು,
ಅದರ ಬೆನ್ನ ಮೇಲೆ ಪಟ್ಟಿ:
ಯಾವ ಹೂವು ಯಾತಕ್ಕೆ, ಯಾವುದು ಬೇಡವೇ ಬೇಡ.

ಕನಕಾಂಬರಕ್ಕೆ ಬಣ್ಣವುಂಟು, ವಾಸನೆಯಿಲ್ಲ,
ಬರೀ ಮಾತಿನ ಗಂಡ ಸಿಕ್ಕಾನು ಅಂತ ಬಾಗೂರಿನ ದೊಡ್ಡತ್ತೆ.
ಸಂಪಿಗೆ ಒಂದೇ ಒಂದಿರಲಿ, ಹೆಚ್ಚಾದರೆ ತಲೆನೋವು,
ಅತ್ತೆಮನೆಯೂ ಹಾಗೇ ಅಂತ ಚಿಕ್ಕಮ್ಮ.
ಗುಲಾಬಿಗೆ ಮುಳ್ಳು. ಸುಗಂಧರಾಜ ಹೆಣಕ್ಕೂ ಹಾಕುತ್ತಾರೆ.
ಮಲ್ಲಿಗೆಯ ಮುಂದೆ ಅವ್ವ ಏನೂ ಬರೆದಿಲ್ಲ.
ಪೆನ್ನು ಅಲ್ಲೇ ಊರಿ ನಿಂತು
ಒಂದು ನೀಲಿ ಚುಕ್ಕೆಯಾಗಿದೆ.

ನಾಕು ವರ್ಷದ ಕೆಳಗೆ ನಿಶ್ಚಿತಾರ್ಥಕ್ಕೆ
ಸೊಂಟದಿಂದ ಕೆಳಗಿಳಿದ ಮಲ್ಲಿಗೆ ಜಡೆ.
ಆ ಹುಡುಗನ ಕಡೆಯವರು ಬಾಯ್ತುಂಬ ಹೊಗಳಿದ್ದರು.
ಹದಿನೈದು ದಿನ ಬಿಟ್ಟು ಫೋನು ಮಾಡಿದ್ದರು.
ಹೂವಿನ ತಪ್ಪೇನಿತ್ತು?
ಎಂಟನೇ ಕ್ಲಾಸಿಗೆ ಪ್ರಮೇಯ ಹೇಳಿಕೊಡುವ ನಾನು
ಇದೊಂದನ್ನು ಅವ್ವನಿಗೆ ಸಾಧಿಸಿ ತೋರಿಸಲಾರೆ.

ಖಮರುನ್ನಿಸಾ ತಲೆ ಎತ್ತಲಿಲ್ಲ.
ಕಾಲ ಹೆಬ್ಬೆರಳಿಗೆ ಬಾಳೆನಾರು ಸುತ್ತಿ
ಎರಡು ಮೊಗ್ಗು ಆಚೆ, ಎರಡು ಈಚೆ, ಗಂಟು.
"ಅರ್ಥ ಗಿರ್ಥ ನಂಗೊತ್ತಿಲ್ಲ ಕಣಮ್ಮ,
ಬಾಡೋ ಹೊತ್ತು ಗೊತ್ತು.
ಮಲ್ಲಿಗೆ ಧಾರೆ ಹೊತ್ತಿಗೆ ಅರಳಿ
ಕಡೇ ಪಂಕ್ತಿ ಏಳೋದ್ರೊಳಗೆ ಕೆಂಪಾಗ್ತದೆ.
ಗುಲಾಬಿ ಸಂಜೆವರೆಗೆ, ಅದೂ ನೀರು ಚಿಮುಕಿಸಿದ್ರೆ.
ಕನಕಾಂಬರ ಮಾರನೇ ದಿನವೂ ಮುಡೀಬಹುದು,
ಅದಕ್ಕೇ ನಮ್ಮಂಥೋರಿಗೆ ಇಷ್ಟ.
ಸೇವಂತಿಗೆ ಮೂರು ದಿನ.
ಯಾರೂ ನೋಡದಿದ್ರೂ ಮೂರು ದಿನ.
ಇದೇ ಬುಟ್ಟೀದು ದರ್ಗಾಕ್ಕೆ ಹೋಗ್ತದೆ,
ಮೊನ್ನೆ ಬಾಗಿಲು ಹಾಕೋ ತನಕ ಹಾಸನಾಂಬೆಗೂ ಹೋಯ್ತು,
ಆಸ್ಪತ್ರೆ ಹಿಂಬಾಗಿಲಿಗೂ.
ಎಲ್ಲಿಗೆ ಅಂತ ಒಂದಿನ ಕೇಳಿಲ್ಲ."

"ನಿಮ್ಮ ಮದುವೆಗೆ ಯಾವ ಹೂವು?" ಅಂದೆ.
"ನಂದಾ? ಸೆಹರಾ ಕಟ್ಟಿದ್ದು ನಾನೇ, ಹಿಂದಿನ ರಾತ್ರಿ ಕೂತು.
ನಮ್ಮೆಜಮಾನ್ರ ಮುಖದ ಮೇಲೆ ನಂದೇ ಕೈಗೆಲಸ.
ಕೂಲಿ ಉಳೀತು."
ಅವ್ವನಿಗೆ ನಗು ತಡೆಯಲಿಲ್ಲ.
ಪಟ್ಟಿ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದ ಹಸುರು ಕಟ್ಟು,
ಹೂವೇ ಇಲ್ಲ ಅದರಲ್ಲಿ.
"ಮರುಗ. ಇದು ಬಾಡಲ್ಲ,
ಒಣಗ್ತದೆ. ಅದು ಬೇರೆ."
ಎಲೆ ತಿಕ್ಕಿ ಮೂಗಿಗೆ ಹಿಡಿದಳು.
ಹೋದ ವರ್ಷದ ಸೀರೆಯ ಮಡಿಕೆ ಬಿಚ್ಚಿದಂತಾಯಿತು.

ಯಾಕೋ ಅವನ ನೆನಪು ಬಂತು, ಆಲೂರಿನ ಪೋಸ್ಟಾಫೀಸಿನವನು.
ನೋಡಲು ಬಂದ ದಿನ ಹೂವು ತಂದಿರಲಿಲ್ಲ,
ಹುರಿದ ಕಡಲೆಕಾಯಿ ತಂದಿದ್ದ,
ಪೊಟ್ಟಣ ಇನ್ನೂ ಬಿಸಿಯಿತ್ತು.

ಮರುಗ, ಸೇವಂತಿಗೆ, ನಡುನಡುವೆ,
ಇರಲಿ, ಅವ್ವ, ಇರಲಿ, ಒಂದಿಷ್ಟು ಮಲ್ಲಿಗೆ.

ಅವ್ವ ಚೌಕಾಸಿಗೆ ಇಳಿದಳು.
ಮೊಣಕೈಯಿಂದ ನಡುಬೆರಳ ತುದಿಗೆ
ಖಮರುನ್ನಿಸಾ ಮೊಳ ಹಾಕಿದಳು. ಎಣಿಸಿದೆ, ಹನ್ನೆರಡು.
ಆಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸಿದಳು.
"ಅದ್ಯಾಕೆ?" ಅವ್ವನಿಗೆ ಅನುಮಾನ.
"ಕೊಸರು" ಅಂದಳು,
ಮುಂದಿನ ಗಂಟಿಗೆ ಮೊಗ್ಗು ಆಯುತ್ತ.