ಸೋಮವಾರದ ಮಠ

ದೇವರಬೆಳಕೆರೆ ಪಿಕಪ್ಪಿನ ಕೋಡಿಯ ಕೆಳಗೆ
ನೀರು ಮೊಣಕಾಲಿಗೆ ಬರುವ ಒಂದು ಜಾಗವಿದೆ.
ಹನ್ನೊಂದು ವರ್ಷ ಅಲ್ಲಿ ನಿಂತೆವು, ಮೂವರು,
ಒಬ್ಬರ ಮುಖ ಇನ್ನೊಬ್ಬರು ಸರಿಯಾಗಿ ನೋಡದೆ.
ತಿಪ್ಪೇರುದ್ರಪ್ಪನೆಂದರೆ ನನಗೆ
ಬೆವರಿಗೆ ಅಂಟಿದ ಬನಿಯನ್ನು, ಎಡಗಿವಿ,
ಗಾಳ ಬೀಸುವಾಗ ಮೇಲೇಳುವ ಒಂದು ಭುಜದ ಮೂಳೆ.

ಮಿಲ್ಲು ನಿಲ್ಲುವವರೆಗೆ
ಹರಿದ ಎಳೆ ಕೂಡಿಸುವುದು ಅವನ ಕೆಲಸ.
ಮಿಲ್ಲು ನಿಂತ ಮೇಲೂ ಬೆರಳು ನಿಲ್ಲಲಿಲ್ಲ.
ಹುಂಜದ ಕತ್ತಿನ ಬಿಳಿ ಪುಕ್ಕ, ಎರಡು ಸುತ್ತು ನೂಲು,
ಎಂಜಲು ಹಚ್ಚಿ ಬಿಗಿದ ಗಂಟು,
ಕೊಕ್ಕೆಯ ಮೇಲೆ ಕೂತಿತು ಒಂದು ಮಂಡಕ್ಕಿ ಕಾಳು!
ತೇಲುತ್ತದೆ. ಗಾಳಿಗೆ ಹೊರಳುತ್ತದೆ.
ಖಲಂದರ್ ಸಾಬರು, ಮಂಡಕ್ಕಿ ಭಟ್ಟಿಯಲ್ಲೇ ಬೆಳೆದವರು,
ಬೆಳಕಿಗೆ ಹಿಡಿದು ನೋಡಿ ಹೇಳಿದ್ದು:
"ಉಪ್ಪೊಂದು ಕಮ್ಮಿ ಐತಿ."

ಸಾಬರು ಚೀಲದಲ್ಲಿ ಚೂರು ಮಂಡಕ್ಕಿ ತರುವರು,
ಮೂರು ಹಿಡಿ ನೀರಿಗೆ, ಒಂದು ಹಿಡಿ ಬಾಯಿಗೆ.
ಬಿಳಿ ಕಾಳು ಹರಡಿಕೊಂಡು ಸುಳಿಯ ಕಡೆ ಇಳಿಯುವಾಗ
ಮೊದಲು ಸಸಲು ಮರಿ ಮೂತಿ ಇಟ್ಟು ತಳ್ಳಾಡುವವು,
ಆಮೇಲೆ ಎಲ್ಲಿಂದಲೋ ಒಂದು ಗೆಂಡೆ
ತುಟಿ ಮಾತ್ರ ಮೇಲೆ ತಂದು
ಒಂದೊಂದೇ ಕಾಳು,
ಸಾಲ ವಸೂಲಿಯವನ ಹಾಗೆ, ಲೆಕ್ಕ ತಪ್ಪದೆ.
ಆ ಲೆಕ್ಕದ ನಡುವೆ ಹೋಗಿ ಬೀಳಬೇಕು ನಮ್ಮ ಪುಕ್ಕ,
ಸದ್ದಿಲ್ಲದೆ, ತಾನೂ ಭಟ್ಟಿಯಿಂದಲೇ ಬಂದಂತೆ.

ನನ್ನದು ಬೀಳುತ್ತಿತ್ತು, ಚಪ್ಪಲಿ ಬಿದ್ದ ಹಾಗೆ.
"ಏ ಸೈಕಲ್ ಷಾಪು, ಪಂಪು ಹೊಡೀಬ್ಯಾಡ,
ಕೈ ಬಿಡು. ಬಿಡೋದು ಕಲಿ" ಅನ್ನುತ್ತಿದ್ದ
ತಿಪ್ಪೇರುದ್ರಪ್ಪ, ಬೆನ್ನು ತಿರುಗಿಸದೆ.
ಎರಡು ಮಳೆಗಾಲ ಹಿಡಿಯಿತು.

ಅವನು ಮೀನು ತಿನ್ನುವವನಲ್ಲ.
ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು.
ಕೊಕ್ಕೆಯ ಮರುಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ,
ಹಿಡಿದ ಗೆಂಡೆಯನ್ನು ನೀರೊಳಗೇ ಅಂಗೈಲಿಟ್ಟು,
ಅದು ಉಸಿರು ಕೂಡಿಸಿಕೊಳ್ಳುವ ತನಕ ಕಾದು
ಬಿಡುವನು.
ಸಾಬರು ಪ್ರತಿ ಸಲ ಹಲ್ಲು ಕಡಿಯುವರು:
"ಯಾ ಅಲ್ಲಾ, ಎರಡು ಕೇಜಿ!"
ಆದರೆ ಅವನಿದ್ದ ದಿನ ಅವರ ಚೀಲವೂ ಖಾಲಿಯೇ ಹೋಗುತ್ತಿತ್ತು.
ಯಾಕೆಂದು ನಾನು ಕೇಳಲಿಲ್ಲ.

ಪುಷ್ಯದಲ್ಲಿ ಎರಡು ಸೋಮವಾರ ಅವನು ಬರಲಿಲ್ಲ.
ಮೂರನೆಯದಕ್ಕೆ ಹೊಳೆಯಿತು: ಅವನ ಮನೆ ನಮಗೆ ಗೊತ್ತಿಲ್ಲ.
ಮಿಲ್ಲಿನ ಹಳೆ ಕ್ವಾರ್ಟರ್ಸ್ ಸಾಲಿನಲ್ಲಿ
ಬೆನ್ನಿನ ಗುರುತು ಹೇಳಿ ಬಾಗಿಲು ಹುಡುಕಿದೆವು.

"ಮಠದವರೇನ್ರಿ?" ಎಂದಳು ಹೊರಗೆ ಬಂದ ಕೊಟ್ರಮ್ಮ.
"ಸೋಮವಾರ ಸೋಮವಾರ ಹೋಗ್ತಾರಲ್ಲ, ಅಲ್ಲಿಯವರಾ?"
ನಾನು ಸಾಬರ ಟೊಪ್ಪಿ ನೋಡಿದೆ.
ಸಾಬರು ನನ್ನನ್ನು ನೋಡಿದರು.
"ಹೌದಮ್ಮ. ಹನ್ನೊಂದು ವರ್ಷ ಆತು,
ಒಂದು ವಾರ ತಪ್ಪಿಸಿಲ್ಲ."

ಒಳಗೆ ಅವನು, ಪೊರೆ ತೆಗೆಸಿದ ಕಣ್ಣಿಗೆ ಹಸಿರು ಪಟ್ಟಿ.
ಎದುರಾಎದುರು ಕೂತರೆ ಮಾತು ಹತ್ತಲಿಲ್ಲ.
ಯಾರೋ ಯಾರ ಮನೆಗೋ ಹೆಣ್ಣು ಕೇಳಲು ಬಂದಂತೆ
ಮೊಣಕಾಲು ನೋಡಿಕೊಂಡು ಕೂತೆವು.
ಕೊನೆಗೆ ಅವನೇ ಗೋಡೆ ಕಡೆ ತಿರುಗಿ ಮಲಗಿದ.
ಅದೇ ಬನಿಯನ್ನು. ಅದೇ ಎಡಗಿವಿ.
"ನೀರು ಎಷ್ಟೈತಿ?"
"ಮೊಣಕಾಲಿಗೆ" ಎಂದೆ, ಅಡುಗೆಮನೆಗೆ ಕೇಳದಂತೆ.
ಅಲ್ಲಿಂದ ಮಾತು ಸಂಜೆಯವರೆಗೆ.

ಕೊಟ್ರಮ್ಮ ಒಗ್ಗರಣೆ ಮಂಡಕ್ಕಿ ತಂದಳು, ಮಿರ್ಚಿ ತಂದಳು.
ಹೊರಡುವಾಗ ಹೊಸ್ತಿಲಲ್ಲಿ
ಒಂದು ಬಿಸ್ಕತ್ತಿನ ಡಬ್ಬಿ ನನ್ನ ಕೈಗೆ ತುರುಕಿದಳು:
"ಮಠಕ್ಕೆ ಬೇಕಾಗಬಹುದು.
ಅಟ್ಟದ ಮೇಲಿದ್ರೆ ಇಲಿ ಕಡೀತಾವ."
ಬಸ್ ಸ್ಟ್ಯಾಂಡಿನಲ್ಲಿ ತೆರೆದೆವು:
ಬಿಳಿ ಪುಕ್ಕ, ಅಳತೆವಾರು ಜೋಡಿಸಿಟ್ಟದ್ದು,
ಪದರಕ್ಕೊಂದು ಬೇವಿನೆಲೆ, ಇನ್ನೂ ಹಸಿರು.

ಈ ಸೋಮವಾರ ನಾನೇ ಕಟ್ಟಿದೆ, ಮೊದಲ ಸಲ.
ಬೀಸಿದೆ. ಕೈ ಬಿಟ್ಟೆ.
ಸದ್ದಿಲ್ಲದೆ ಬಿತ್ತು, ಒಂದು ಸುತ್ತು ತಿರುಗಿ
ಮುಳುಗಿಹೋಯಿತು.
ಸಾಬರು ಬೆನ್ನು ತಿರುಗಿಸದೆ ಅಂದರು:
"ಉಪ್ಪು ಜಾಸ್ತಿ ಆತು."