ನಲವತ್ತೇಳನೆಯ ಬಳೆ

ಬೈರಿಗೇನು ಗೊತ್ತು ರನ್‌ವೇ ಎಂದರೆ?
ಇಲಿ ಓಡಿದರೆ ಎದ್ದು ಕಾಣುವ ಜಾಗ, ಅಷ್ಟೆ.
ಉಲಾನ್‌ಬಾತರಿನ ಹುಲ್ಲಿನಲ್ಲಿ ಅಂಥ ಬೋಳುಜಾಗ
ಇನ್ನೆಲ್ಲಿದೆ?

ಪಂಜರದ ಮೇಲೆ ನೈಲಾನಿನ ಕುಣಿಕೆಗಳು,
ಒಳಗೊಂದು ಬಿಳಿ ಇಲಿ. ಅದಕ್ಕೆ ನಾವು ಹೆಸರಿಡುವುದಿಲ್ಲ.
ಗೊಂಬೊಜಾವ್ ಜೀಪಿನಲ್ಲಿ ಗಡಿಯಾರ ನೋಡುತ್ತಾನೆ:
ಮುಂದಿನ ವಿಮಾನಕ್ಕೆ ಇನ್ನು ಹನ್ನೊಂದು ನಿಮಿಷ.
ಎರಗಿತು.
ಉಗುರು ಸಿಕ್ಕಿತು.

ನನ್ನ ಹಳೆಯ ಕಾಲುಚೀಲ ತಲೆಗೆ ತೊಡಿಸಿದರೆ
ಎಂಥ ಬೇಟೆಗಾತಿಯೂ ಕೂಸಿನ ಹಾಗೆ ಸುಮ್ಮನಾಗುತ್ತಾಳೆ.
ತೂಕ ಒಂದು ಕಿಲೋ, ಮೇಲೆ ಎಂಟು ಗ್ರಾಂ.
ಕಾಲಿಗೆ ಅಲ್ಯೂಮಿನಿಯಂ ಬಳೆ, ನಲವತ್ತೇಳು.
ಎದೆ ಮಾತ್ರ ನನ್ನ ಅಂಗೈಯಲ್ಲಿ
ನಿಲ್ಲದೆ ಓಡುತ್ತಿತ್ತು.

ಹೋದ ವರ್ಷ ಎಂಜಿನ್ನಿನ ಅಲಗುಗಳಿಂದ
ಚಿಮಟಿಗೆಯಲ್ಲಿ ಗರಿ ಹೆಕ್ಕಿದವಳು ನಾನೇ.
ಅತ್ತ ನೂರ ಅರವತ್ತು ಜನ ಏಣಿ ಇಳಿದು
ನಡುಗುವ ಬೆರಳಲ್ಲಿ ಫೋನು ಒತ್ತಿ
ಒಂದೇ ಮಾತು ಹೇಳುತ್ತಿದ್ದರು: ಬಂದೆವು.

ಗೋಬಿಯ ಅಂಚಿಗೆ ಮುನ್ನೂರು ಕಿಲೋಮೀಟರು.
ಜೀಪು ಹೊರಟಾಗ ಕ್ಯಾಂಟೀನಿನ ಖಂಡ್‌ಸುರೆನ್ ಓಡಿಬಂದು
ಮರದ ಸೌಟಿನಿಂದ ಚಕ್ರದ ಹಿಂದೆ ಹಾಲು ಚಿಮುಕಿಸಿದಳು,
ಪರವೂರಿಗೆ ಹೊರಟ ತನ್ನ ತಮ್ಮನಿಗೆ ಮಾಡಿದ ಹಾಗೆ.

ಐದನೆಯ ದಿನ ದೀಪದ ಕಂಬದ ಮೇಲೆ
ರೆಕ್ಕೆ ಒಪ್ಪಮಾಡುತ್ತ ನಲವತ್ತೇಳು.
ಸಾಹೇಬ ನಕ್ಷೆ ಹರವಿ ಕೂತ:
ಗಾಳಿಯೇ? ಗೂಡೇ? ದೂರ ಸಾಲದಾಯಿತೇ?
ಹಾಲಿನ ಮಾತು ಯಾರೂ ಎತ್ತಲಿಲ್ಲ.
ಹೋದವರು ಹೋಗಲೆಂದಲ್ಲ,
ಸುಖವಾಗಿ ತಿರುಗಿ ಬರಲೆಂದು ಚೆಲ್ಲುವ ಹಾಲು ಅದು.

ಕಾಲುಚೀಲ ಒಗೆದು ಒಣಹಾಕಿದ್ದೇನೆ.
ಗೊಂಬೊಜಾವ್ ಕುಣಿಕೆ ಬಿಗಿಯುತ್ತಿದ್ದಾನೆ.
ಈ ಸಲ ಕ್ಯಾಂಟೀನಿಗೆ ತಿಳಿಯದ ಹಾಗೆ ಹೊರಡಬೇಕು
ಅನ್ನುತ್ತಾನೆ,
ಅನ್ನುತ್ತಲೇ ಎದ್ದು
ಚಹಾಕ್ಕೆಂದು ಅಲ್ಲಿಗೇ ನಡೆಯುತ್ತಾನೆ.