ದಪ್ಪ ತಂತಿಯವರು

ಸಿಂಧನೂರಿನಾಗ ಒಂದ ಮುಹೂರ್ತಕ್ಕ ಮೂರು ಮದುವಿ,
ಮೂರು ಆರ್ಕೆಸ್ಟ್ರಾ.
ಹಂಗಾಗಿ ರಾತ್ರಿ ಮೂರಕ್ಕ ಬಸ್ ಸ್ಟ್ಯಾಂಡಿನ ಎದುರು
ಬೇಸ್ ಬಾರಿಸೋರು ಮೂರು ಮಂದಿ.
ಹಾಡೋರು ಕಾರಿನಾಗ ಹೋದ್ರು.
ನಮಗ ಐದರ ಬಳ್ಳಾರಿ ಬಸ್ಸು.
ಚೀಲ ನೋಡಿ ಕಂಡಕ್ಟರ್ ಅರ್ಧ ಟಿಕೆಟ್ ಕೇಳತಾನ,
ಬೆಳೆದ ಕೂಸಿಗೆ ಕೇಳಿದಂಗ.

ಕೌಲ್ ಬಜಾರಿನ ಸಿಮಿಯೋನ್ ಅಣ್ಣ
ನಾಕೂ ತಂತಿ ಬಿಚ್ಚಿ, ಸುರುಳಿ ಸುತ್ತಿ
ಚಹಾದಂಗಡಿ ಪಂಪಣ್ಣನ ಕೈಗಿಟ್ಟ:
'ಹತ್ತು ನಿಮಿಷ ಕುದಿಸು. ಒಂದು ಚಿಟಿಕಿ ಸೋಡಾ.'
ಪಂಪಣ್ಣ ಯಾಕಂತ ಕೇಳಲಿಲ್ಲ.
ಹೋದ ಸೀಜನ್ನಿನಾಗೂ ಕುದಿಸಿದ್ದ.

'ಹೊಸ ಸೆಟ್ಟಿಗೆ ಮೂರು ರಾತ್ರಿ ಬಾರಿಸಬೇಕು.
ಬೆವರು, ಎಣ್ಣಿ, ಹೋಳಿಗಿ ತುಪ್ಪ
ಸಂದಿನಾಗ ಕುಂತು ದನಿ ತೂಕಡಸತೈತಿ.
ಮೈ ತೊಳದ್ರ ಎಚ್ಚರಾಗತೈತಿ.
ನನಗೂ ಹಂಗ.'

ಶೇಕ್ಷಾವಲಿ ರಾಯಚೂರಿನವ,
ತೀನ್ ಕಂದೀಲಿನ ಹಿಂದ ವಹೀದ್ ಸಾಬ ಕಟ್ಟಿಕೊಟ್ಟ
ಆಂಪ್ಲಿಫೈಯರಿನ ಮ್ಯಾಲ ಕುಂತಾನ.
ಅದರೊಳಗ ಒಂದು ಟ್ರ್ಯಾಕ್ಟರ್ ಬ್ಯಾಟರಿ,
ಎರಡು ಸತ್ತ ರೇಡಿಯೋ.
ಕಂಪನಿ ಮಾಲು ಮುಂದ ನಿಲ್ಲಂಗಿಲ್ಲ, ಆಣಿ ಮಾಡಿ ಹೇಳತಾನ.
ಎತ್ತಾಕ ಮಾತ್ರ ಇಬ್ಬರು ಬೇಕು.

'ಬೆರಳ ನಿಜ,' ಅಂತಾನ.
'ಪಿಕ್ ಹಿಡಿಯೋನು ಗಿಟಾರಿನವ, ದಾರಿ ತಪ್ಪಿ ಬಂದಾನ.'
ನಾನು ಅಂಗಿ ಜೇಬಿನ ಗುಂಡಿ ಹಾಕ್ಕೊಂಡೆ.

ಮಾನ್ವಿಯ ಡ್ರಮ್ಮಿನ ಬಸಲಿಂಗನ ಮಾತು ಬಂತು.
ಕೈ ಚಲೋ. ಕಾಲು ಸಾಲಗಾರನ ಕಾಲು,
ಓಡತಾವ.
ಗಂಗಾವತಿ ಕೀಬೋರ್ಡಿನವ ನಮ್ಮ ಕೆಲಸ
ಎಡಗೈಲೇ ಮುಗಿಸಿ
ಮಾಲಕಗ ಎಂಟುನೂರು ಉಳಸ್ಯಾನ.
'ಎಡಗೈಲೇ ಊಟಕ್ಕ ನೀಡಿದಂಗ,' ಅಂದ ಸಿಮಿಯೋನ್.
'ಉಣ್ಣೋರು ಉಣ್ಣತಾರ.'

ಆಮೇಲೆ ಯಾರೋ ಕಳಕಮ್ಮನ ಹೆಸರು ತಗದ್ರು.
ಪಲ್ಲವಿ ಎತ್ತೋ ಮೊದಲು
ಕೀಬೋರ್ಡಿನ ಕಡೆ ನೋಡಂಗಿಲ್ಲ ಆಕಿ,
ಹಿಂದ ತಿರುಗಿ ನಮ್ಮ ಕಡೆ ನೋಡತಾಳ,
ಬಾವಿಗೆ ಕೊಡ ಬಿಡೋ ಮೊದಲು
ನೀರೆಷ್ಟು ಕೆಳಗ ಐತಿ ಅಂತ ನೋಡಿದಂಗ.
ಸ್ವಲ್ಪ ಹೊತ್ತು ಮೂವರೂ ಬರೇ ಚಹಾ ಕುಡಿದಿವಿ.

ನಾನಂದೆ: 'ಬಾರಿಸುವಾಗ ಯಾರೂ ಕೇಳಂಗಿಲ್ಲ,
ನಾವು ನಿಂತ್ರ ಎಲ್ಲರಿಗೂ ಗೊತ್ತಾಗತೈತಿ.'
ಶೇಕ್ಷಾವಲಿ ನಕ್ಕ.
'ಸುಳ್ಳು. ಮಸ್ಕಿಯ ಮದುವಿನಾಗ ನನ್ನ ವೈರ್ ಕಡೀತು.
ಎರಡು ಹಾಡು. ಒಂದು ತಲಿ ತಿರುಗಲಿಲ್ಲ.
ಕುಣಿಯೋರು ಕುಣಿದ್ರು, ರೊಕ್ಕ ತೂರೋರು ತೂರಿದ್ರು.
ಹಿಂದಿನಿಂದ ಅಡಿಗಿಯವ ಬಂದ, ಕೈಯಾಗ ಸೌಟು:
ಯಾಕಪ, ಅನ್ನದ ಹಂಡೆ ಮುಚ್ಚಳ
ನಡುಗೋದು ನಿಂತೈತಲ್ಲ?
ಅದ ಲೆಕ್ಕದ ಮ್ಯಾಲ ಅನ್ನ ಇಟ್ಟಿದ್ದನಂತ.'

ತಂತಿ ಬಂದುವು, ಹೊಗಿಯಾಡಕೋಂತ,
ಹೊಸ ಹಾವಿನ ಮರಿ ಹಂಗ ಹೊಳಕೋಂತ.
ಸಿಮಿಯೋನ್ ಟವೆಲ್ಲಿಲೆ ಒರಸಿ
ಒಂದೊಂದ ಕಟ್ಟಿದ.
ಟ್ಯೂನರ್ ಇಲ್ಲ, ಇದ್ದದ್ದು ಮೊಮ್ಮಗ ಬಿಚ್ಚಿ ನೋಡ್ಯಾನ.
ಅಂಗಡಿ ಹಿಂದ ಟಿ.ಸಿ. ಗುಂಯ್ ಅಂತಿತ್ತು.
ಕಿವಿ ಅತ್ತ ಕೊಟ್ಟು ಸಣ್ಣ ತಂತಿ ಬಿಗಿದ,
ಇನ್ನಷ್ಟು ಬಿಗಿದ.
'ಒಂದು ಕೂದಲೆಳಿ ಏರೈತಿ ಇದರ ಸುರ.
ಇರಲಿ. ಇಡೀ ಊರು ಏರಿದ್ರ
ನಾವೊಬ್ಬರ ಯಾಕ ಇಳೀಬೇಕು?'

ಎರಡನೇ ತಂತಿಗೆ ಕೈ ಹಾಕ್ಯಾನ,
ಕರೆಂಟು ಹೋತು.
ರೈಸ್ ಮಿಲ್ಲು, ದೀಪ, ಪಂಪಣ್ಣನ ಫ್ರಿಜ್ಜು,
ಎಲ್ಲದರ ಕೆಳಗಿದ್ದ ಆ ಗುಂಯ್.

ಪ್ಲಾಟ್‌ಫಾರ್ಮಿನ ಮ್ಯಾಲ ಮಲಗಿದ್ದ ಮುದುಕಿ ಒಬ್ಬಾಕಿ
ಧಡಕ್ಕನ ಎದ್ದು ಕುಂತಳು.
'ಏನದು? ಏನು ನಿಂತಿತು?'

ನಾವು ಒಬ್ಬರ ಮುಖ ಒಬ್ಬರು ನೋಡಿದಿವಿ,
ಕತ್ತಲದಾಗ ಯಾರ ಮುಖಾನೂ ಇರಲಿಲ್ಲ.
'ಕರೆಂಟು, ಬೇ,' ಅಂದ ಶೇಕ್ಷಾವಲಿ, 'ಮಲಗು.'
ಆಕಿ ಮಲಗಲಿಲ್ಲ.
ಸಿಮಿಯೋನ್ ಸಣ್ಣ ತಂತಿ ಒಂದ ಸಲ ಮೀಟಿದ,
ಹಗೂರಕ,
ಆಕಿಗಂತ.